ಓಡಿಹೋಗಬೇಡ, ನೋಟಿಸ್ ಕೊಡು

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ಮೆಚ್ಚಿದ ಹುಡುಗನನ್ನು ಮದುವೆಯಾಗಲು ಅಪ್ಪ ಒಪ್ಪುತ್ತಿಲ್ಲ, ರಾತ್ರೋರಾತ್ರಿ ಹೊರಟುಬಿಡುತ್ತೇನೆ, ರತ್ತಿ ಪೆಟಿಟ್ ಹೋಗಲಿಲ್ಲವೇ ಎಂದು ಬರೆದಿದ್ದೀಯ. ಅವಳ ಕಥೆ ಪೂರ್ತಿ ಕೇಳು. ಮುಂಬೈಯ ಸಿರಿವಂತ ಪಾರ್ಸಿ ಸರ್ ದಿನ್‌ಶಾ ಪೆಟಿಟ್ ಅವರ ಮಗಳು ಮೆಚ್ಚಿದ್ದು ತನಗಿಂತ 20 ವರ್ಷಕ್ಕೂ ಹೆಚ್ಚು ದೊಡ್ಡವರಾದ ಮುಸ್ಲಿಂ ನಾಯಕ ಮಹಮ್ಮದ್ ಅಲಿ ಜಿನ್ನಾ ಅವರನ್ನು. ಅಪ್ಪ ಕೋರ್ಟಿನಿಂದ ಭೇಟಿಗೇ ತಡೆ ತಂದರು. ಹುಡುಗಿ 1918ರ ಫೆಬ್ರವರಿಯಲ್ಲಿ 18 ತುಂಬುವವರೆಗೆ ಕಾದಳು, ಏಪ್ರಿಲ್ 19ಕ್ಕೆ ಮದುವೆಯಾದಳು. ಅದಕ್ಕೆ ಅವಳು ಇಸ್ಲಾಮಿಗೆ ಮತಾಂತರವೂ ಆಗಬೇಕಾಯಿತು. ಆಗಿದ್ದ 1872ರ ಕಾಯ್ದೆಯಲ್ಲಿ ರಿಜಿಸ್ಟರ್ ಮದುವೆಗೆ ಇಬ್ಬರೂ ತಮ್ಮ ಧರ್ಮ ಬಿಟ್ಟಿದ್ದೇವೆಂದು ಬರೆದುಕೊಡಬೇಕಿತ್ತು. 1954ರ ವಿಶೇಷ ವಿವಾಹ ಕಾಯ್ದೆಯಿಂದ ನಿನಗೆ ಆ ಸಂಕಟವಿಲ್ಲ.

ನಿನಗೆ 18, ನಿನ್ನ ಹುಡುಗನಿಗೆ 21 ತುಂಬಿರಬೇಕು. ಇಬ್ಬರಲ್ಲಿ ಒಬ್ಬರಾದರೂ 30 ದಿನ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ, ಅಂದರೆ ನಮ್ಮಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ನೋಟಿಸ್ ಕೊಡಿ. ಅದನ್ನು ಬೋರ್ಡಿಗೆ ಅಂಟಿಸುತ್ತಾರೆ. 30 ದಿನ ಯಾರು ಬೇಕಾದರೂ ತಕರಾರು ಹಾಕಬಹುದು, ಆದರೆ ವಯಸ್ಸು, ಇನ್ನೊಂದು ಮದುವೆ, ನಿಷಿದ್ಧ ಸಂಬಂಧ (ಕಾಯ್ದೆ ಬೇಡವೆಂದ ಹತ್ತಿರದ ನೆಂಟಸ್ತನ), ಬುದ್ಧಿಸ್ವಾಸ್ಥ್ಯ ಇಷ್ಟರ ಮೇಲೆ ಮಾತ್ರ. ಅಪ್ಪನಿಗೆ ಇಷ್ಟವಿಲ್ಲ ಎಂಬುದು ತಕರಾರೇ ಅಲ್ಲ. ನೋಟಿಸ್ ಕೊಟ್ಟು ಮೂರು ತಿಂಗಳು ದಾಟಿದರೆ ಮತ್ತೆ ಹೊಸದಾಗಿ ಕೊಡಬೇಕು. ಮದುವೆಯ ದಿನ ಮೂವರು ಸಾಕ್ಷಿಗಳು ಬೇಕು. ಅಧಿಕಾರಿಯ ಎದುರು ಒಬ್ಬರನ್ನೊಬ್ಬರು ಸ್ವೀಕರಿಸುವ ಮಾತನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ, ಕನ್ನಡದಲ್ಲೇ ಹೇಳಬಹುದು.

ಕೆಲಸ ಕೆಡುವುದು ಬೇರೆ ಕಡೆ. ವಯಸ್ಸಿಗೆ ಪುರಾವೆಯಾದ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಪ್ಪನ ಬೀರುವಿನಲ್ಲಿರುತ್ತದೆ, ಆಧಾರ್‌ಗೆ ಜೋಡಿಸಿರುವುದು ಅಪ್ಪನ ಮೊಬೈಲ್, ಒಟಿಪಿ ಹೋಗುವುದು ಅವನಿಗೇ. ಮೊದಲು ಇವೆರಡನ್ನೂ ಸರಿಮಾಡಿಕೊ. ಅಮ್ಮನ ಒಡವೆ ಮುಟ್ಟಬೇಡ. ಒಂದು ಜೊತೆ ಓಲೆ ತೆಗೆದುಕೊಂಡರೂ ಕಳ್ಳತನದ ದೂರು ನಿನ್ನ ಹುಡುಗನ ತಲೆಗೆ ಬರುತ್ತದೆ. ಬೆದರಿಕೆ ಬಂದರೆ ಪೊಲೀಸರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆ. ಇಂಥ ಜೋಡಿಗಳಿಗೆ ರಕ್ಷಣೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2018ರ ಶಕ್ತಿ ವಾಹಿನಿ ತೀರ್ಪಿನಲ್ಲಿ ಹೇಳಿದೆ. ಆಸ್ತಿಯ ಮಾತೂ ತಿಳಿದಿರಲಿ: ಅಪ್ಪನ ಸ್ವಯಾರ್ಜಿತವನ್ನು ಅವನು ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು. ಅದನ್ನು ನೆಚ್ಚಿ ಸಂಸಾರ ಹೂಡಬೇಡ.

ಕಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ನೋಟಿಸಿನ ಪ್ರತಿ ಅಲ್ಲಿಗೂ ಹೋಗಿ ಅಂಟುತ್ತದೆ. ಊರವರ ಬಾಯಿಂದ ಕೇಳಿದರೆ ನಿನ್ನ ಅಪ್ಪ ಕುಸಿದುಹೋಗುತ್ತಾನೆ. ಕೊಡುವ ತಾರೀಕು ನನಗೆ ಮುಂಚೆಯೇ ತಿಳಿಸು, ಅವನಿಗೆ ನಾನೇ ಹೇಳುತ್ತೇನೆ.

ನಿನ್ನ ಅತ್ತೆ