ನಮ್ಮ ಚುಕ್ಕಿಗಾಗಿ ಓಡಾಡಿದವರಿಗೆ

ನಮ್ಮ ಕೋಳಿ ಚುಕ್ಕಿ ಉಳಿದುಕೊಂಡಳು. ಇವತ್ತಿಗೆ 15 ದಿನ. ಬೆಳಿಗ್ಗೆ ಮಣ್ಣಲ್ಲಿ ಗುಂಡಿ ತೋಡಿ, ರೆಕ್ಕೆ ಬಿಚ್ಚಿ ಹೊರಳಾಡಿ ನನ್ನ ಮುಖಕ್ಕೂ ಒಂದಿಷ್ಟು ಧೂಳು ಹಾರಿಸಿದಳು. ಫೋನ್ ಮಾಡಿ, ಗೇಟಿನ ಹತ್ತಿರ ನಿಂತು ‘ಹೇಗಿದ್ದಾಳೆ?’ ಅಂತ ಕೇಳಿದ ನಿಮಗೆಲ್ಲ ಬೇರೆಬೇರೆಯಾಗಿ ಉತ್ತರ ಕೊಡೋಕೆ ಆಗಿರಲಿಲ್ಲ. ಅದಕ್ಕೇ ಈ ಬರಹ.

ಆ ದಿನ ಬೆಳಿಗ್ಗೆ ಎಲ್ಲ ಸರಿಯಾಗೇ ಇತ್ತು. ನನ್ನ ಚಪ್ಪಲಿಯ ಗುಂಡಿ ಕುಕ್ಕದೆ ಅವಳ ದಿನ ಶುರುವಾಗುವುದಿಲ್ಲ, ಅದೂ ಆಗಿತ್ತು. ಮಧ್ಯಾಹ್ನ ನೋಡಿದರೆ ಮೂಲೆಯಲ್ಲಿ ಬಾಲ ಇಳಿಬಿಟ್ಟು, ಮೈ ನೆಟ್ಟಗೆ ಮಾಡಿಕೊಂಡು ತೂಗುತ್ತಾ ನಿಂತಿದ್ದಾಳೆ. ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿದೆ. ಬುಟ್ಟಿಗೆ ಹೋಗುತ್ತಾಳೆ, ತಿಣುಕುತ್ತಾಳೆ, ಬರಿದೇ ಎದ್ದು ಬರುತ್ತಾಳೆ. ಸಂಜೆ ಹೊತ್ತಿಗೆ ಕೆಂಪು ಜುಟ್ಟು ಬಿಳಿಚಿಕೊಂಡಿತ್ತು. ‘ಕೋಳಿಯಿಂದ ಕೋಳಿಗೆ ಹರಡೋ ಕೊಕ್ಕರೆ ರೋಗ ಇರಬಹುದು, ತೂಗೋ ಕೋಳಿ ಉಳಿಯಲ್ಲ’ ಎಂದರು ಒಬ್ಬರು. ಮಾತು ಅಲ್ಲಿಗೇ ನಿಲ್ಲಿಸಿದ್ದಕ್ಕೆ ಅವರಿಗೂ ಥ್ಯಾಂಕ್ಸ್. ಮುಂದಿನ ಸಲಹೆ ಏನೆಂದು ಅವರ ಕಣ್ಣಲ್ಲೇ ಗೊತ್ತಾಗುತ್ತಿತ್ತು.

ಇಬ್ಬರು ಡಾಕ್ಟರಿಗೆ ಫೋನ್ ಹಚ್ಚಿದೆ. ‘ಕೋಳಿಗಾ?’ ಅಂತ ನಕ್ಕರು. ಪಕ್ಕದ ಮನೆ ಅಕ್ಕ ಎಲ್ಲಿಂದಲೋ ಮೂರನೆಯ ನಂಬರ್ ಹುಡುಕಿ ಕೊಟ್ಟರು. ಆ ಡಾಕ್ಟರಮ್ಮ ನಗಲಿಲ್ಲ. ಕೊನೆಯ ಮೊಟ್ಟೆ ಯಾವತ್ತು ಇಟ್ಟಿದ್ದು, ಹಿಕ್ಕೆ ಹೇಗಿದೆ, ಮೇವು ಏನು ಕೊಡ್ತೀರಿ ಅಂತ ಒಂದೊಂದೇ ಕೇಳಿದರು. ‘ಮೊಟ್ಟೆ ಸಿಕ್ಕಿಹಾಕಿಕೊಂಡ ಹಾಗಿದೆ, ಆದರೂ ಬೇರೆ ಕೋಳಿಗಳಿಂದ ದೂರ ಇಡಿ’ ಎಂದರು. ಟಬ್‌ನಲ್ಲಿ ಬೆಚ್ಚಗಿನ ನೀರು ತುಂಬಿ ಹೊಟ್ಟೆ ಮುಳುಗುವಷ್ಟು ಅರ್ಧ ಗಂಟೆ ಕೂರಿಸಬೇಕು, ಆಮೇಲೆ ಒರೆಸಿ ಕತ್ತಲೆಯಲ್ಲಿ ಬೆಚ್ಚಗಿಡಬೇಕು. ಹೊಟ್ಟೆ ಒತ್ತಿ ಮೊಟ್ಟೆ ತಳ್ಳೋಕೆ ಮಾತ್ರ ಹೋಗಬಾರದು. ಒಳಗೇ ಒಡೆದರೆ ಓಡಿನ ಚೂರು ಗಾಯ ಮಾಡಿ ನಂಜಾಗುತ್ತದೆ. ನಿಜ ಹೇಳಬೇಕೆಂದರೆ, ನಾನು ಅದನ್ನೇ ಮಾಡಲು ಹೊರಟಿದ್ದೆ.

ನೀಲಿ ಟಬ್ ಅಕ್ಕನದು. ನಾನು ನೀರು ಕಾಯಿಸುತ್ತಿದ್ದರೆ ಅವರು ಮೊಣಕೈ ಅದ್ದಿ ಹದ ನೋಡುತ್ತಿದ್ದರು. ಕೋಳಿಯ ಮೈಬಿಸಿಯೇ ಸುಮಾರು 41 ಡಿಗ್ರಿ. ಹಾಗಾಗಿ ನಮಗೆ ಉಗುರುಬೆಚ್ಚಗೆ ಅನಿಸಿದ್ದು ಅವಳಿಗೆ ತಣ್ಣಗೇ ಇರುತ್ತದೆ, ಇದು ನನಗೆ ಹೊಳೆದೇ ಇರಲಿಲ್ಲ. ಚುಕ್ಕಿ ನೀರಲ್ಲಿ ಒಂದು ಸಲವೂ ಕೊಸರಾಡಲಿಲ್ಲ, ಅಕ್ಕನ ಅಂಗೈ ಮೇಲೆ ಗಲ್ಲ ಊರಿ ಕಣ್ಣು ಮುಚ್ಚಿದಳು. ನನಗೆ ಭಯವಾಗಿದ್ದು ಆಗಲೇ.

ಅತ್ತೆಯವರ ವಿಷಯ ಬರೆಯಬಾರದೆಂದು ಅವರದೇ ಆಜ್ಞೆ, ಮೀರುತ್ತಿದ್ದೇನೆ. ‘ಒಂದು ಕೋಳಿಗೆ ಇಷ್ಟೆಲ್ಲ ಯಾಕೆ’ ಅಂತ ರಾತ್ರಿ ಒಂಬತ್ತಕ್ಕೆ ಮಲಗಲು ಹೋದವರು, ಎರಡು ಗಂಟೆಗೆ ನಾನೆದ್ದು ನೋಡಿದಾಗ ರಟ್ಟಿನ ಡಬ್ಬದ ಪಕ್ಕ ಕೂತು ತಮ್ಮ ಶಾಲನ್ನು ಅವಳಿಗೆ ಹೊದಿಸುತ್ತಿದ್ದರು.

ಬೆಳಗಾದರೂ ಮೊಟ್ಟೆ ಬರಲಿಲ್ಲ. ಆಫೀಸಿಗೆ ‘ಮನೆಯಲ್ಲಿ ಹುಷಾರಿಲ್ಲ’ ಅಂತ ರಜೆ ಕೇಳಿದೆ. ಯಾರಿಗೆ ಅಂತ ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಫೋನಿನಲ್ಲಿ ಸದ್ದೇ ಇಲ್ಲ. ಆಮೇಲೆ, ‘ಹೋಗಿ ಬನ್ನಿ, ಏನಾಯ್ತು ಅಂತ ಹೇಳಿ.’ ಸರ್, ಆ ‘ಏನಾಯ್ತು ಅಂತ ಹೇಳಿ’ಗೆ ನಾನು ಋಣಿ.

ಡಾಕ್ಟರಮ್ಮ ಕ್ಲಿನಿಕ್ ತೆರೆಯುವ ಹೊತ್ತಿಗಿಂತ ಮೊದಲೇ ಬಂದಿದ್ದರು. ಮಗಳು ಗಾಬರಿಯಲ್ಲಿ ಚುಕ್ಕಿಯನ್ನು ಎದೆಗವಚಿ ಹಿಡಿದಿದ್ದಳು. ‘ಸಡಿಲ ಮಾಡು ಪುಟ್ಟಿ. ಕೋಳಿಗೆ ನಮ್ಮ ಹಾಗೆ ಎದೆ-ಹೊಟ್ಟೆ ನಡುವೆ ಉಸಿರೆಳೆಯೋ ವಪೆ ಇರಲ್ಲ, ಎದೆ ಆಡಿದರೇನೇ ಉಸಿರು’ ಎಂದರು. ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟು ಕಾದರು, ಪ್ರಯೋಜನವಾಗಲಿಲ್ಲ. ಕೊನೆಗೆ ಸೂಜಿ ಹಾಕಿ ಮೊಟ್ಟೆಯೊಳಗಿನ ಲೋಳೆ ಎಳೆದು, ಓಡು ಕುಗ್ಗಿಸಿ, ಚೂರುಚೂರಾಗಿ ಹೊರತೆಗೆದರು. ಟ್ರೇನಲ್ಲಿ ಬಿದ್ದ ಆ ಚೂರುಗಳು ಒಣ ಎಲೆಯಷ್ಟು ತೆಳ್ಳಗಿದ್ದವು.

ತಪ್ಪು ನನ್ನದೇ. ಬರೀ ಕಾಳು ಹಾಕುತ್ತಿದ್ದೆ. ಒಂದು ಮೊಟ್ಟೆಯ ಓಡಿಗೇ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಕಾಳಿನಲ್ಲಿ ಅದು ಇಲ್ಲವೆನ್ನುವಷ್ಟೇ ಇರುವುದು. ಡಾಕ್ಟರಮ್ಮ ಬೈಯಲಿಲ್ಲ, ಚೀಟಿಯಲ್ಲಿ ಬರೆದು ಕೊಟ್ಟರು. ಈಗ ಕಪ್ಪೆಚಿಪ್ಪಿನ ಪುಡಿಗೆ ಬೇರೆ ಬಟ್ಟಲಿದೆ. ಔಷಧಿ ಮುಗಿದ ಮೇಲೂ ಅವರು ಹೇಳುವ ತನಕ ಅವಳ ಮೊಟ್ಟೆ ನಾವು ತಿನ್ನುವಂತಿಲ್ಲ. ಪರವಾಗಿಲ್ಲ, ಅವಳಿನ್ನೂ ಇಡಲು ಶುರು ಮಾಡಿಲ್ಲ, ನಮಗೂ ಅವಸರವಿಲ್ಲ.

ಕೊಕ್ಕಿನ ತುದಿಗೆ ಹನಿಹನಿಯಾಗಿ ನೀರು ಮುಟ್ಟಿಸಿದ ಮಗಳ ಗೆಳತಿಯರೇ, ನೀವು ಬರೆದ ‘ಸದ್ದು ಮಾಡಬೇಡಿ’ ಚೀಟಿ ಇನ್ನೂ ಗೂಡಿನ ಮೇಲೇ ಇದೆ. ಚುಕ್ಕಿ ಮಾತ್ರ ಮತ್ತೆ ಗದ್ದಲ ಶುರು ಮಾಡಿದ್ದಾಳೆ.

ಅಕ್ಕಾ, ನಿಮ್ಮ ಟಬ್ ತೊಳೆದಿಟ್ಟಿದ್ದೇನೆ. ಆದರೆ ದಿನಾ ಮಧ್ಯಾಹ್ನ ಅವಳು ಹೋಗಿ ಅದರಲ್ಲೇ ಕೂರುತ್ತಾಳೆ. ಇನ್ನೊಂದು ವಾರ ಇಲ್ಲೇ ಇರಲಾ?