ಭಾನುವಾರ ಎಡ್ಡಿ ಕಾಕ್ರನ್ ಮತ್ತು ಅವನ ಗ್ರೆಚ್ ಗಿಟಾರು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಕೇಳುವುದು ರಾಕಬಿಲ್ಲಿ, ಅಂದರೆ ಕಂಟ್ರಿ ಹಾಡಿನ ಧಾಟಿ ಬೆರೆತ 1950ರ ದಶಕದ ಅಮೆರಿಕದ ರಾಕ್ ಸಂಗೀತ, ಅದರಲ್ಲೂ ಅಲ್ಲಿನ ಗಾಯಕ, ಗಿಟಾರು ವಾದಕ ಎಡ್ಡಿ ಕಾಕ್ರನ್. ಫೋನಿನ ಸ್ಪೀಕರಲ್ಲಿ ಕೇಳಬೇಡಿ ದಯವಿಟ್ಟು, ಹೆಡ್‌ಫೋನ್ ಹಾಕಿಕೊಳ್ಳಿ.

ಅವನ ಕೈಯಲ್ಲಿದ್ದದ್ದು ಗ್ರೆಚ್ ಕಂಪನಿಯ 6120 ಮಾದರಿಯ ಗಿಟಾರು. ಕಿತ್ತಳೆ ಬಣ್ಣ, ಒಳಗೆ ಟೊಳ್ಳು, ಮೈಮೇಲೆ ದನಕ್ಕೆ ಮುದ್ರೆ ಒತ್ತಿದ ಹಾಗೆ ದೊಡ್ಡ 'ಜಿ' ಅಕ್ಷರ, ಕೆಳಗೆ ಬಿಗ್ಸ್‌ಬಿ ಹಿಡಿಕೆ. ಅದನ್ನು ಒತ್ತಿದರೆ ಸ್ವರ ನಡುಗುತ್ತದೆ. ಕಂಪನಿ ಕೊಟ್ಟ ಹಾಗೇ ಇಟ್ಟುಕೊಳ್ಳುವ ಆಸಾಮಿ ಅಲ್ಲ ಇವನು, ಕುತ್ತಿಗೆ ಕಡೆಯ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ) ಕಿತ್ತು ಗಿಬ್ಸನ್ ಅನ್ನೋ ಇನ್ನೊಂದು ಕಂಪನಿಯ ಪಿ-90 ಪಿಕಪ್ ಕೂರಿಸಿದ, ಆ ತುಂಬಿದ ದನಿ ಬಂದದ್ದೇ ಅಲ್ಲಿಂದ. ಮೂರನೇ ತಂತಿಯನ್ನೂ ಸುತ್ತಿಲ್ಲದ ತೆಳು ತಂತಿಗೆ ಬದಲಾಯಿಸಿದ್ದ, ಎಳೆದು ಬಗ್ಗಿಸೋದಕ್ಕೆ ಸುಲಭ ಅಂತ. ನಮ್ಮಲ್ಲಿ ಗಿಟಾರು ನುಡಿಸುವವರು ಅದನ್ನೇ ಗಮನಿಸಿ ಕೇಳಿ.

1960ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಚಿಪ್ಪೆನ್‌ಹ್ಯಾಮ್ ಬಳಿ ಟ್ಯಾಕ್ಸಿ ಅಪಘಾತ. ಎಡ್ಡಿ ಉಳಿಯಲಿಲ್ಲ, ಬರೀ 21 ವರ್ಷ. ಗಿಟಾರು ಉಳಿಯಿತು! ಸ್ವಲ್ಪ ದಿನ ಪೊಲೀಸ್ ಠಾಣೆಯಲ್ಲಿತ್ತು. ಅಲ್ಲಿ ಕೆಡೆಟ್ ಆಗಿದ್ದ ಹುಡುಗನೊಬ್ಬ ಅದರ ಮೇಲೆ ಕೈ ಪಳಗಿಸಿಕೊಂಡ, ಮುಂದೆ ಅವನೇ ಡೇವ್ ಡೀ ಅಂತ ಗಾಯಕನಾದ ಅಂತ ಹೇಳುತ್ತಾರೆ. ಆಮೇಲೆ ಗಿಟಾರು ಅಮೆರಿಕಕ್ಕೆ ಮನೆಯವರ ಕೈ ಸೇರಿತು.

ಎಡ್ಡಿಯನ್ನು ಆರಾಧಿಸಿದ ಅಮೆರಿಕದ ಗಿಟಾರು ವಾದಕ ಬ್ರಯನ್ ಸೆಟ್ಜರ್ ಕೂಡ 1959ರ 6120 ಹಿಡಿದೇ 80ರ ದಶಕದಲ್ಲಿ ಸದ್ದು ಮಾಡಿದ, ಅವನನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳೋಣ, ಅಲ್ವಾ? ಲಿಂಕ್‌ಗಳನ್ನು ಶನಿವಾರ ರಾತ್ರಿ ಹಾಕುತ್ತೇನೆ. ಅಲ್ಲಿತನಕ ಸುಮ್ನೆ ಫಾರ್ವರ್ಡ್ ಮಾಡಿ ಗುಂಪು ತುಂಬಿಸಬೇಡಿ.