ನಾಯಿಯ ಹೆಸರು ಬೇಡ, ಎಮ್ಮೆಯ ಕೆಲಸ ಬರೆಯಿರಿ

ಮಾನ್ಯ ಸಂಪಾದಕರೇ,

ಡಾಕ್ಟರಾಗಬೇಕೆಂದಿರುವ ಮಕ್ಕಳ ಮನೆಗಳಲ್ಲಿ ಈಚೆಗೆ ಒಂದು ಪ್ರಶ್ನೆ ಸುತ್ತುತ್ತಿದೆ: ‘ಮೆಡಿಕಲ್ ಕಾಲೇಜಿನ ಅರ್ಜಿಯಲ್ಲಿ ಮನೆಯಲ್ಲಿ ನಾಯಿ ಸಾಕಿದ್ದೇವೆ ಅಂತ ಬರೀಬೇಕೇನ್ರೀ?’ ಬರೆದರೆ ಮಾನವೀಯತೆ ಕಾಣುತ್ತದೆ ಎಂದು ಹೇಳಿಕೊಡುವ ಸಲಹಾ ಕೇಂದ್ರಗಳೂ ಇವೆ. ನಾಯಿಯೇ ಇಲ್ಲದ ಮನೆಯ ಹುಡುಗರು ಚಿಕ್ಕಪ್ಪನ ಮನೆಯ ಲ್ಯಾಬ್ರಡಾರ್ ಅನ್ನು ತಮ್ಮದೆಂದು ಬರೆಯುವ ತನಕ ಇದು ಬಂದು ನಿಂತಿದೆ.

ನಮ್ಮ ಕಡೆಯ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳಿಗೆ ಈ ಪ್ರಶ್ನೆಯೇ ಬೇಕಿಲ್ಲ. ಬೀದರಿನ ಬ್ರಿಮ್ಸ್, ಕಲಬುರಗಿಯ ಜಿಮ್ಸ್, ಎಂ.ಆರ್. ವೈದ್ಯಕೀಯ ಕಾಲೇಜು, ಯಾದಗಿರಿಯ ಯಿಮ್ಸ್, ಎಲ್ಲಿಗೆ ಸೇರುವುದಿದ್ದರೂ ನೀಟ್‌ನ 180 ಪ್ರಶ್ನೆ, 720 ಅಂಕ, ಆಮೇಲೆ ಕೌನ್ಸೆಲಿಂಗ್. ಅದರಲ್ಲಿ ತಮ್ಮ ಬಗ್ಗೆ ತಾವೇ ಬರೆಯುವ ಪ್ರಬಂಧವಿಲ್ಲ, ನಾಯಿಗೆ ಅಂಕಣವಿಲ್ಲ. ಇರುವ ಅಂಕಣಗಳನ್ನು ಸರಿಯಾಗಿ ತುಂಬಿದರೆ ಸಾಕು. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೆ. ಅದಕ್ಕೆ ಸಹಾಯಕ ಆಯುಕ್ತರ ಕಚೇರಿಯ ಅರ್ಹತಾ ಪ್ರಮಾಣಪತ್ರ ಬೇಕು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಿಗೆ 1ರಿಂದ 10ನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರ, ಅದರ ಮೇಲೆ ಬಿಇಒ ಮೇಲುಸಹಿ. ನಡುವೆ ಒಂದೇ ವರ್ಷ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಗ್ರಾಮೀಣ ಮೀಸಲು ಕೈಬಿಡುತ್ತದೆ. ನಾಯಿಯ ಚಿಂತೆಗೆ ಹಾಕುವ ಹೊತ್ತನ್ನು ಈ ಕಾಗದಗಳಿಗೆ ಹಾಕಬೇಕು.

ಪ್ರಶ್ನೆ ನಿಜವಾಗಿ ಏಳುವುದು ಬ್ರಿಟನ್, ಅಮೆರಿಕಕ್ಕೆ ಅರ್ಜಿ ಹಾಕುವ ಕೆಲವರಿಗೆ. ಅಲ್ಲಿ ಓದಿ ಬಂದು ಇಲ್ಲಿ ವೃತ್ತಿ ಮಾಡುವ ಮನಸ್ಸಿದ್ದರೆ ನೀಟ್‌ನಲ್ಲಿ ಅರ್ಹತೆ ಪಡೆದೇ ಹೋಗಬೇಕು ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಅದನ್ನು ಮೊದಲು ಮುಗಿಸಿಕೊಂಡು ಪ್ರಬಂಧದ ವಿಷಯಕ್ಕೆ ಬರಲಿ.

ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಒಂದೇ ಕಡೆ ಅರ್ಜಿ ತೆಗೆದುಕೊಳ್ಳುವ ಸಂಸ್ಥೆ ಯುಕಾಸ್. ಅದರ ಅರ್ಜಿಯಲ್ಲಿ ವೈದ್ಯಕೀಯಕ್ಕೆ ಕೊನೆಯ ದಿನ ಅಕ್ಟೋಬರ್ 15. 2026ರ ಪ್ರವೇಶದಿಂದ ಒಂದೇ ಉದ್ದದ ಪ್ರಬಂಧದ ಬದಲು ಮೂರು ಪ್ರಶ್ನೆಗಳಿವೆ: ಈ ಕೋರ್ಸ್ ಏಕೆ ಬೇಕು, ಓದು ಹೇಗೆ ಸಿದ್ಧಗೊಳಿಸಿದೆ, ಓದಿನ ಹೊರಗೆ ಏನು ಮಾಡಿದ್ದೀರಿ ಮತ್ತು ಅದರಿಂದ ಏನು ಉಪಯೋಗ. ಮೂರಕ್ಕೂ ಸೇರಿ, ಅಕ್ಷರಗಳ ನಡುವಿನ ಖಾಲಿ ಜಾಗವನ್ನೂ ಎಣಿಸಿ, 4,000 ಅಕ್ಷರ. ಒಂದೊಂದಕ್ಕೂ ಕನಿಷ್ಠ 350. ಪ್ರಾಣಿಯ ಮಾತು ಬರುವುದಿದ್ದರೆ ಮೂರನೆಯದರಲ್ಲಿ ಮಾತ್ರ ಬರಬೇಕು. 300 ಅಕ್ಷರ ದಾಟಿದರೆ ಆಸ್ಪತ್ರೆಯಲ್ಲಿ ಕಂಡದ್ದು, ವೃದ್ಧಾಶ್ರಮದಲ್ಲಿ ಮಾಡಿದ್ದು ಹೇಳಲು ಜಾಗ ಉಳಿಯುವುದಿಲ್ಲ. ಮೊದಲನೆಯ ಪ್ರಶ್ನೆಗೆ ಉತ್ತರವಾಗಿ ನಾಯಿಯನ್ನು ತಂದು ಕೂರಿಸುವುದು ದೊಡ್ಡ ತಪ್ಪು.

ತಪ್ಪು ಏಕೆ? ಹೆಚ್ಚಾಗಿ ಕಾಣುವ ಬರವಣಿಗೆ ಹೀಗಿರುತ್ತದೆ: ‘ನಮ್ಮ ಬ್ರೂನೋ ನನಗೆ ನಿಷ್ಕಲ್ಮಶ ಪ್ರೀತಿ ಕಲಿಸಿತು. ಅದು ಪಾರ್ವೋ (ನಾಯಿಮರಿಗಳಿಗೆ ತಗಲುವ ವೈರಾಣು ರೋಗ) ಬಂದು ಸತ್ತ ರಾತ್ರಿ ನಾನು ವೈದ್ಯನಾಗಲು ನಿರ್ಧರಿಸಿದೆ.’ ಓದುವವರ ತಲೆಯಲ್ಲಿ ತಕ್ಷಣ ಎರಡು ಪ್ರಶ್ನೆ ಏಳುತ್ತವೆ. ಹಾಗಿದ್ದರೆ ಪಶುವೈದ್ಯನೇ ಆಗಬಹುದಿತ್ತಲ್ಲ? ಎರಡನೆಯದು ಇನ್ನೂ ಕಷ್ಟದ್ದು: ಮರಿಗೆ ಲಸಿಕೆ ಹಾಕಿಸಿರಲಿಲ್ಲವೇ? ಪಾರ್ವೋ ಲಸಿಕೆಯನ್ನು ಆರರಿಂದ ಎಂಟು ವಾರದ ಮರಿಗೆ ಶುರುಮಾಡಿ, ಮೂರ್ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವ ತನಕ ಕೊಡಬೇಕು. ಒಂದು ಸೂಜಿ ಹಾಕಿಸಿ ಬಿಟ್ಟರೆ ಸಾಲದು. ತಾಯಿಯಿಂದ ಬಂದ ರೋಗನಿರೋಧಕ ಅಂಶ ಮರಿಯ ರಕ್ತದಲ್ಲಿ ಇರುವ ತನಕ ಲಸಿಕೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಇಷ್ಟು ಗೊತ್ತಿಲ್ಲದೆ ಪಾರ್ವೋ ಎಂದು ಬರೆದ ಹುಡುಗ ತನ್ನ ಅಸಡ್ಡೆಯನ್ನು ತಾನೇ ಅರ್ಜಿಯಲ್ಲಿ ದಾಖಲಿಸಿದಂತೆ.

ಇನ್ನೊಂದು ತೊಂದರೆ ಒಂದೇ ಅಚ್ಚಿನ ಕಥೆಗಳದು. 2007ರಲ್ಲಿ ಯುಕಾಸ್ ತನ್ನ ಅರ್ಜಿಗಳನ್ನು ಪರಿಶೀಲಿಸಿದಾಗ, ಎಂಟನೇ ಹುಟ್ಟುಹಬ್ಬಕ್ಕೆ ಬಂದ ರಸಾಯನಶಾಸ್ತ್ರದ ಆಟಿಕೆಯಿಂದ ಪ್ರಯೋಗ ಮಾಡಲು ಹೋಗಿ ಪೈಜಾಮ ಸುಟ್ಟುಕೊಂಡ ಕಥೆ 234 ಅರ್ಜಿಗಳಲ್ಲಿ ಸಿಕ್ಕಿತು. ಒಂದೇ ಮಾದರಿಯಿಂದ ಎಲ್ಲರೂ ಇಳಿಸಿಕೊಂಡಿದ್ದರು. ಅಂದಿನಿಂದ ಹೋಲಿಕೆ ಪತ್ತೆಮಾಡುವ ತಂತ್ರಾಂಶ ಪ್ರತಿ ಅರ್ಜಿಯ ಮೇಲೂ ಓಡುತ್ತದೆ. ಸಲಹಾ ಕೇಂದ್ರ ಒಂದೇ ಬ್ರೂನೋವನ್ನು ಹತ್ತು ಮಕ್ಕಳಿಗೆ ಹಂಚಿದರೆ ಹತ್ತೂ ಅರ್ಜಿಗಳ ಮೇಲೆ ಗುರುತು ಬೀಳುತ್ತದೆ.

ನನಗೆ ಹೆಚ್ಚು ಬೇಸರ ತರುವುದು ಬೇರೆಯದು. ನಾಯಿಯನ್ನು ಎರವಲು ತಂದು ಬರೆಯುವ ಇದೇ ಹುಡುಗರ ಮನೆಯ ಗೋದಲಿಯಲ್ಲಿ ಎರಡು ಎಮ್ಮೆ, ಒಂದು ದೇವಣಿ ಆಕಳು, ನಾಲ್ಕು ಆಡು ಕಟ್ಟಿರುತ್ತವೆ. ಬೆಳಗ್ಗೆ ಐದೂವರೆಗೆ ಎದ್ದು ಹಾಲು ಕರೆದು, ಕಣಿಕಿ, ತೊಗರಿ ಹೊಟ್ಟು, ಹಿಂಡಿ ಹಾಕಿ, ಡೇರಿಗೆ ಹಾಲು ಹಾಕಿ ಕಾಲೇಜಿಗೆ ಹೋಗುವವರು ಅದನ್ನು ಬರೆಯಲು ನಾಚುತ್ತಾರೆ. ‘ಹಳ್ಳಿಯವ ಅಂತಾರ್ರೀ’ ಎನ್ನುತ್ತಾರೆ. ಸಾಕುಪ್ರಾಣಿ ಎಂದರೆ ಸೋಫಾ ಮೇಲೆ ಮಲಗುವ ನಾಯಿ ಮಾತ್ರ ಎಂದು ಇವರಿಗೆ ಯಾರು ಹೇಳಿದರೋ! ಪ್ರವೇಶ ಸಮಿತಿ ನೋಡುವುದು ಪ್ರೀತಿಯ ಮಾತನ್ನಲ್ಲ. ದಿನಾ ತಪ್ಪದೆ ಮಾಡಿದ ಕೆಲಸ, ಎಡವಿದ್ದು, ಎಡವಿದ ಮೇಲೆ ಬದಲಾಯಿಸಿದ್ದು, ಮನುಷ್ಯರೊಡನೆ ನಡೆದುಕೊಂಡ ರೀತಿ, ಇವನ್ನು.

ಅರ್ಜಿ ಇಂಗ್ಲಿಷಿನಲ್ಲಿ ಬರೆಯುವಂಥದ್ದು. ಹುರುಳು ಹೇಗಿರಬೇಕೆಂದು ಕನ್ನಡದಲ್ಲಿ ತೋರಿಸುತ್ತೇನೆ: ‘ಎರಡು ವರ್ಷ ದಿನಾ ಎರಡು ಎಮ್ಮೆಗಳ ಹಾಲು ಕರೆದೆ. ಒಂದು ಎಮ್ಮೆ ಗಬ್ಬದ ಎಂಟನೇ ತಿಂಗಳಲ್ಲಿ ಕಂದು ಹಾಕಿತು (ಗರ್ಭಪಾತ). ಕಸವನ್ನು (ಹೊರಬಿದ್ದ ಮಾಸನ್ನು) ಬರಿಗೈಯಲ್ಲಿ ಮುಟ್ಟಬೇಡಿ ಎಂದು ಪಶುವೈದ್ಯರು ಹೇಳಿದ ಮೇಲೆ ಹೀಗೆ ಕಂದು ಹಾಕಿಸುವ ಬ್ರೂಸೆಲ್ಲಾ ಎಂಬ ರೋಗಾಣು ಮನುಷ್ಯರಿಗೂ ಹರಡುತ್ತದೆ ಎಂದು ಓದಿದೆ. ಮನೆಯಲ್ಲಿ ಹಸಿ ಹಾಲು ಕುಡಿಯುವುದನ್ನು ನಿಲ್ಲಿಸಿದೆವು; ಅಜ್ಜಿಯನ್ನು ಒಪ್ಪಿಸಲು ಮೂರು ವಾರ ಹಿಡಿಯಿತು.’ ಎಮ್ಮೆ ಇಲ್ಲಿ ನೆಪ. ಸೋಂಕು ದಾಟುವ ಬಗೆ, ಕಲಿಯುವ ಕುತೂಹಲ, ಒಪ್ಪದ ಹಿರಿಯರನ್ನು ತಾಳ್ಮೆಯಿಂದ ಒಪ್ಪಿಸಿದ್ದು, ಮೂರೂ ಬಂದವು. ಅಜ್ಜಿಯ ಆ ಕೊನೆಯ ಮಾತೇ ಇದನ್ನು ಮೆಡಿಕಲ್ ಅರ್ಜಿ ಮಾಡಿದ್ದು. ಅದಿಲ್ಲದಿದ್ದರೆ ಇದು ವೆಟರ್ನರಿ ಅರ್ಜಿಯೇ. (ಇದನ್ನೇ ನಕಲು ಹೊಡೆಯಬೇಡಿ, ಪೈಜಾಮದ ಗತಿ ಆದೀತು.)

ಬರೆದ ಪ್ರತಿ ಸಾಲಿಗೂ ಸಂದರ್ಶನದಲ್ಲಿ ಉತ್ತರ ಕೊಡಬೇಕಾದೀತು. ಬ್ರಿಟನ್ನಿನಲ್ಲಿ ಹೆಚ್ಚಿನ ಕಡೆ ಕೋಣೆಯಿಂದ ಕೋಣೆಗೆ ಹೋಗುತ್ತಾ ಕೆಲವೇ ನಿಮಿಷಗಳ ಕಿರು ಸಂದರ್ಶನ ಕೊಡುವ ಪದ್ಧತಿ. ಮೇಲಿನದನ್ನು ಬರೆದವರು ಬ್ರೂಸೆಲ್ಲೋಸಿಸ್ ಆದ ರೋಗಿಗೆ ಏರಿಳಿಯುವ ಜ್ವರ, ರಾತ್ರಿ ಬೆವರು, ಕೀಲುನೋವು ಇರುತ್ತದೆಂದೂ, ಚಿಕಿತ್ಸೆ ಒಂದೆರಡು ದಿನದ್ದಲ್ಲ, ಎರಡು ಔಷಧ ಕೂಡಿಸಿ ಆರು ವಾರದ್ದೆಂದೂ, ಲಸಿಕೆಯನ್ನು ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುವಿಗೆ ಜೀವಮಾನದಲ್ಲಿ ಒಂದೇ ಬಾರಿ ಹಾಕುವುದೆಂದೂ ತಿಳಿದಿರಬೇಕು.

ನಾಯಿಯನ್ನೇ ಬರೆಯುವುದಾದರೆ ಹುಚ್ಚುನಾಯಿ ರೋಗದ ಬಗ್ಗೆ ಕೇಳಬಹುದು, ಅದರಲ್ಲೂ ಭಾರತದಿಂದ ಬಂದವರನ್ನು. ಕಚ್ಚಿದ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ನಮ್ಮ ಹಳ್ಳಿಗಳಲ್ಲಿ ಖಾರದ ಪುಡಿ, ಸುಣ್ಣ ಹಚ್ಚುವ ರೂಢಿ ಇದೆ. ಅದು ತಪ್ಪು, ಗಾಯದ ಸುತ್ತ ಇನ್ನಷ್ಟು ಕೆರಳಿಸುತ್ತದೆ, ವೈರಾಣುವನ್ನು ಕೊಲ್ಲುವುದಿಲ್ಲ, ತೊಳೆಯುವ ಹೊತ್ತನ್ನು ತಿಂದುಹಾಕುತ್ತದೆ. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಎರಡು ಕಡೆ 0.1 ಮಿಲಿ ಲೀಟರಿನಂತೆ 0, 3, 7, 28ನೇ ದಿನ. ಸ್ನಾಯುವಿಗಾದರೆ ನಡುವೆ 14ನೇ ದಿನವೂ ಸೇರುತ್ತದೆ. ರಕ್ತ ಬಂದ ಕಡಿತವಾಗಿದ್ದರೆ ಲಸಿಕೆಯೊಂದೇ ಸಾಲದು, ಗಾಯದ ಒಳಗೂ ಸುತ್ತಲೂ ಇಮ್ಯುನೋಗ್ಲೋಬ್ಯುಲಿನ್ (ಸಿದ್ಧ ರೋಗನಿರೋಧಕ ಅಂಶ) ಕೊಡಬೇಕು. ಲಸಿಕೆಯಿಂದ ದೇಹದ ಸ್ವಂತ ರಕ್ಷಣೆ ತಯಾರಾಗುವಷ್ಟರಲ್ಲಿ ವೈರಾಣು ನರ ಹಿಡಿದು ಹೋಗಿಬಿಡಬಹುದು. ಇಷ್ಟನ್ನು ತಡವರಿಸದೆ ಹೇಳಬಲ್ಲವರಿಗೆ ನಾಯಿ ಉಪಯೋಗಕ್ಕೆ ಬರುತ್ತದೆ. ಬರೀ ‘ಕ್ಯೂಟ್’ ಅನ್ನುವವರಿಗೆ ಬಾರದು.

ಅಮೆರಿಕದ್ದು ಬೇರೆ ಲೆಕ್ಕ. ಅಲ್ಲಿ ಪದವಿ ಮುಗಿದ ಮೇಲೆ ಮೆಡಿಕಲ್. ಹೊರದೇಶದವರನ್ನು ತೆಗೆದುಕೊಳ್ಳುವ ಕಾಲೇಜುಗಳೇ ಕಡಿಮೆ. ಆಮ್‌ಕಾಸ್ ಎಂಬ, ಅಲ್ಲಿನ ಬಹುತೇಕ ಮೆಡಿಕಲ್ ಕಾಲೇಜುಗಳಿಗೆ ಒಂದೇ ಆದ ಅರ್ಜಿಯಲ್ಲಿ ಹೆಚ್ಚೆಂದರೆ 15 ಚಟುವಟಿಕೆ, ಒಂದೊಂದಕ್ಕೆ 700 ಅಕ್ಷರ. ಅದರಲ್ಲಿ ಮೂರನ್ನು ಬಹಳ ಮುಖ್ಯವಾದವು ಎಂದು ಆರಿಸಿ 1,325 ಅಕ್ಷರ ಹೆಚ್ಚಿಗೆ ಬರೆಯಬಹುದು. ಹವ್ಯಾಸ ಎಂಬ ವಿಭಾಗವೂ ಇದೆ, ಆದ್ದರಿಂದ ನಾಯಿಗೆ ಜಾಗ ಇದೆ. ಎಡವುವುದು ಚಟುವಟಿಕೆಗೆ ಕೊಟ್ಟ ಗಂಟೆಗಳ ಲೆಕ್ಕದಲ್ಲಿ. ದಿನಕ್ಕೊಂದು ಗಂಟೆ, ಎರಡು ವರ್ಷ, 730 ಗಂಟೆ ಎಂದು ಬರೆದು ಅದನ್ನು ರೋಗಿಗಳ ಸೇವೆಯ ವಿಭಾಗಕ್ಕೆ ಹಾಕುವವರಿದ್ದಾರೆ. ಒಬ್ಬ ಮನುಷ್ಯ ರೋಗಿಯೂ ಇಲ್ಲದ ಗಂಟೆ ಅಲ್ಲಿ ಸೇರಿದ್ದು ಕಂಡರೆ ಉಳಿದ ಗಂಟೆಗಳ ಮೇಲೂ ನಂಬಿಕೆ ಹೋಗುತ್ತದೆ. ಚಟುವಟಿಕೆಗಳನ್ನು ದೃಢೀಕರಿಸಬಲ್ಲವರ ಹೆಸರು ಕೇಳುತ್ತಾರೆ. ನಾಯಿಗೆ ಯಾರ ಹೆಸರು ಕೊಡುತ್ತೀರಿ? ಹಾಲಿನ ಡೇರಿಯ ಕಾರ್ಯದರ್ಶಿಯ ಹೆಸರು ಕೊಡಬಹುದು, ನೋಡಿ. ಹಾಲಿನ ದುಡ್ಡಿನಿಂದಲೇ ಮನೆ ನಡೆದಿದ್ದರೆ ಅದು ಹವ್ಯಾಸವೂ ಅಲ್ಲ. ಅರ್ಜಿದಾರರು ಎದುರಿಸಿದ ಕಷ್ಟಗಳನ್ನು ಹೇಳಿಕೊಳ್ಳಲು 1,325 ಅಕ್ಷರಗಳ ಬೇರೊಂದು ಅಂಕಣವಿದೆ, ಅಲ್ಲಿ ಬರೆಯಬೇಕು.

ಎಲ್ಲ ಓದಿದ ಮೇಲೂ ಮನಸ್ಸು ಎಮ್ಮೆಯ ಕಡೆಗೇ ಎಳೆಯುತ್ತಿದ್ದರೆ ಲಂಡನ್ನಿಗೆ ಅರ್ಜಿ ಹಾಕುವ ಅಗತ್ಯವಿಲ್ಲ. ಪಶುವೈದ್ಯಕೀಯ ವಿಶ್ವವಿದ್ಯಾಲಯ ಬೀದರಿನ ನಂದಿನಗರದಲ್ಲೇ ಇದೆ, ಬಿ.ವಿ.ಎಸ್ಸಿ. ಕೋರ್ಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಅಲ್ಲಿಯೂ ಪ್ರಬಂಧ ಕೇಳುವುದಿಲ್ಲ, ಆದರೆ ಕೃಷಿಕರ ಮಕ್ಕಳಿಗೆ ಮೀಸಲು ಸೀಟುಗಳಿವೆ, ಅದಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇದೆ. ಮುಂದೆ ಇಟ್ಟ ಕಾಳು, ಮೇವು, ಸಲಕರಣೆ ಗುರುತಿಸುವ ಈ ಪರೀಕ್ಷೆಯಲ್ಲಿ ಗೋದಲಿಗೆ ಕಣಿಕಿ ಹಾಕಿದ ಕೈಗೆ ಅಂಕ ಸಿಗುತ್ತದೆ. ಕಾಗದ ಮಾತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ: ಪಹಣಿ ಮತ್ತು ಕೃಷಿಕ ಎಂದು ತಹಶೀಲ್ದಾರರು ಕೊಡುವ ಪ್ರಮಾಣಪತ್ರ. ಅರ್ಜಿಯ ಕೊನೆಯ ವಾರದಲ್ಲಿ ನಾಡಕಚೇರಿಯ ಮುಂದೆ ನಿಂತರೆ ಸರ್ವರ್ ಬಿಡುವುದಿಲ್ಲ.

– ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಬೀದರ್